ಸಾವಿರದ ಏಳುನೂರ ಐವತ್ತು ಗ್ರಾಂ

ಸೋಮವಾರ ಬೆಳಿಗ್ಗೆ ಆಶಾ ಕಾರ್ಯಕರ್ತೆ ಫೋನು ಮಾಡಿ, "ಸಿಸ್ಟರ್, ಆ ಕೂಸು ಇವತ್ತೂ ಅಷ್ಟೇ ಐತ್ರೀ" ಎಂದಾಗ ನಾನು ಮೊದಲು ಬೈದುಕೊಂಡದ್ದು ತಕ್ಕಡಿಯನ್ನು. ಐದು ದಿನದ ಹಿಂದೆ ನಾನೇ ತೂಗಿದಾಗ ಸಾವಿರದ ಏಳುನೂರ ಐವತ್ತು ಗ್ರಾಂ ಇತ್ತು. ಎರಡು ದಿನ ಬಿಟ್ಟು ಅವಳು ತೂಗಿದಾಗಲೂ ಅಷ್ಟೇ. ಇವತ್ತೂ ಅಷ್ಟೇ ಎಂದರೆ ಒಂದೋ ತಕ್ಕಡಿ ಕೆಟ್ಟಿದೆ, ಇಲ್ಲವೇ ಇವಳು ಬಟ್ಟೆಯ ತೂಕ ಸರಿಯಾಗಿ ಕಳೆದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂರನೆಯ ಕಾರಣ ಹುಡುಕುವ ಚೈತನ್ಯ ಆ ವಾರ ನನ್ನಲ್ಲಿ ಇರಲಿಲ್ಲ. ಪಕ್ಕದ ಉಪಕೇಂದ್ರದ ಹುದ್ದೆ ಖಾಲಿ ಇದ್ದು ಅಲ್ಲಿನ ಕೆಲಸವೂ ನನ್ನ ತಲೆಗೇ ಬಂದಿತ್ತು. ಮನೆ ಮನೆ ಸಮೀಕ್ಷೆಯೊಂದು ನಡೆಯುತ್ತಿತ್ತು. ಮೊಣಕಾಲು ಬೇರೆ ಊದಿಕೊಂಡಿತ್ತು.

ಆದರೂ ಹೋದೆ. ಸಂತೇಬೆನ್ನೂರಿನಿಂದ ಇಪ್ಪತ್ತು ನಿಮಿಷದ ಬಸ್ಸು, ಇಳಿದ ಮೇಲೆ ಮೆಕ್ಕೆಜೋಳದ ಹೊಲಗಳ ನಡುವೆ ಒಂದು ಮೈಲಿ ನಡಿಗೆ. ದಾರಿಯ ಅಂಗಡಿಯಲ್ಲಿ ಒಂದು ಕೆಜಿಯ ಉಪ್ಪಿನ ಪೊಟ್ಟಣ ಕೊಂಡು ಚೀಲಕ್ಕೆ ಹಾಕಿಕೊಂಡೆ. ತಕ್ಕಡಿ ಪರೀಕ್ಷಿಸಲು ನನಗೆ ಗೊತ್ತಿರುವ ಉಪಾಯ ಅದೊಂದೇ. ಆ ಮನೆಗೆ ಹೋಗಿ ಉಪ್ಪನ್ನು ತಕ್ಕಡಿಯ ಮೇಲಿಟ್ಟರೆ ಸಾವಿರದ ಐದು ಎಂದು ತೋರಿಸಿತು. ಪ್ಲಾಸ್ಟಿಕ್ಕಿನ ತೂಕ ಸೇರಿ ಅದು ಸರಿಯೇ. ಮಗುವನ್ನು ಬಟ್ಟೆ ಬಿಚ್ಚಿ ಮಲಗಿಸಿದೆ. ಅಂಕಿ ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿ ಸಾವಿರದ ಏಳುನೂರ ಐವತ್ತಕ್ಕೆ ನಿಂತಿತು. ಆಶಾ ನನ್ನ ಮುಖ ನೋಡಿದಳು. ಅವಳನ್ನು ಮನಸ್ಸಿನಲ್ಲೇ ಅನುಮಾನಿಸಿದ್ದಕ್ಕೆ ನನಗೆ ನಾಚಿಕೆಯಾಯಿತು.

ಹೆಣ್ಣು ಮಗು. ಎಂಟು ತಿಂಗಳು ತುಂಬುವ ಮೊದಲೇ ದಾವಣಗೆರೆಯ ಆಸ್ಪತ್ರೆಯಲ್ಲಿ ಹುಟ್ಟಿ, ಅಲ್ಲಿನ ನವಜಾತ ಶಿಶುಗಳ ಘಟಕದಲ್ಲಿ ಹದಿನಾರು ದಿನ ಇದ್ದು ಮನೆಗೆ ಬಂದಿತ್ತು. ತಾಯಿಗೆ ಇಪ್ಪತ್ತೆರಡು ವರ್ಷವಿರಬೇಕು. ಹಿಂದಿನ ವರ್ಷ ಏಳನೆಯ ತಿಂಗಳಲ್ಲಿ ಒಂದು ಬಸಿರು ಹೋಗಿತ್ತು. ಗಂಡ ಚನ್ನಗಿರಿಯಲ್ಲಿ ಗ್ರಿಲ್ಲು, ಗೇಟು ವೆಲ್ಡಿಂಗ್ ಮಾಡುವವನು. ಬಾಣಂತನಕ್ಕೆಂದು ಅವಳು ತವರಿಗೆ ಬಂದಿದ್ದಳು. ತವರೆಂದರೆ ಅವಳ ಅಮ್ಮ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ಮೂರು ಎಮ್ಮೆ ಕಟ್ಟಿಕೊಂಡು, ಸಂತೇಬೆನ್ನೂರಿನ ಸಂತೆಯಲ್ಲಿ ಬೆಣ್ಣೆ, ಮೊಸರು ಮಾರಿ ಮಗಳನ್ನು ಬೆಳೆಸಿ ನಿಕಾಹ್ ಮಾಡಿಕೊಟ್ಟವಳು. ಮಗು ಹುಟ್ಟಿದಾಗಿನಿಂದ ಎಲ್ಲರೂ ಅವಳನ್ನು ನಾನಿ, ಅಂದರೆ ಅಜ್ಜಿ, ಎಂದು ಕರೆಯತೊಡಗಿದ್ದರು. ನನಗಿಂತ ಎರಡು ವರ್ಷ ಚಿಕ್ಕವಳಾದರೂ ನಾನೂ ಹಾಗೆಯೇ ಕರೆಯುತ್ತಿದ್ದೆ.

ಮಗು ಮನೆಗೆ ಬಂದ ಮಾರನೆಯ ದಿನವೇ ನಾನು ಹೋಗಿ ಹಾಲು ಕುಡಿಸುವ ಕ್ರಮವನ್ನು ಹೇಳಿಕೊಟ್ಟಿದ್ದೆ. ಅಷ್ಟು ಸಣ್ಣ ಮಗುವಿಗೆ ಎಳೆದು ಕುಡಿಯುವ ಕಸುವಿರುವುದಿಲ್ಲ. ನಾಲ್ಕು ಸಲ ಚೀಪಿ ನಿದ್ದೆ ಹೋಗಿಬಿಡುತ್ತದೆ. ಹಾಗಾಗಿ ಎದೆಗೂ ಹಿಡಿಯಬೇಕು, ಹಿಂಡಿದ ಹಾಲನ್ನು ಮೂತಿಯಿರುವ ಪುಟ್ಟ ಒಳಲೆಯಲ್ಲೂ ಕುಡಿಸಬೇಕು. ಹೆಬ್ಬೆರಳು ಎಲ್ಲಿಡಬೇಕು, ಹೇಗೆ ಹಿಂದಕ್ಕೆ ಒತ್ತಿ ಮುಂದಕ್ಕೆ ಹಿಂಡಬೇಕು, ಲೋಟ, ಒಳಲೆಗಳನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಬೇಕು, ಎರಡು ಗಂಟೆಗೊಮ್ಮೆ ಇಪ್ಪತ್ತೈದು ಎಂಎಲ್, ಎಲ್ಲ ಹೇಳಿದೆ. ತಾಯಿಗೂ ಸ್ವಲ್ಪ ನಿದ್ದೆ ಸಿಗಲಿ ಎಂದು, ಒಮ್ಮೆ ಹಿಂಡಿದ ಹಾಲನ್ನು ಮುಚ್ಚಿಟ್ಟು ನಾನಿಯೇ ಕುಡಿಸಬಹುದು, ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಕಾಯಿಸಬಾರದು ಎಂದೆ. ಎರಡು ಕೆಜಿ ಆಗುವ ತನಕ ಸ್ನಾನ ಬೇಡ, ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ ಎಂದೆ. ನಾನಿ ಒಂದೊಂದಕ್ಕೂ ಹೂಂ ಎಂದಳು. ಮುಂದಿನ ಭೇಟಿಗಳಲ್ಲಿ ನೋಡಿದರೆ ಎಲ್ಲವನ್ನೂ ನಾನು ಹೇಳಿದ್ದಕ್ಕಿಂತ ಚೊಕ್ಕವಾಗಿ ಮಾಡುತ್ತಿದ್ದಳು. ಒಳಲೆಯನ್ನು ಮಗುವಿನ ತುಟಿಯ ಮೂಲೆಗಿಟ್ಟು, ಅದು ನುಂಗುವ ತನಕ ಕಾದು, ಹನಿ ಹನಿಯಾಗಿ ಬಿಡುವ ಅವಳ ತಾಳ್ಮೆ ನನ್ನ ನರ್ಸಿಂಗ್ ಕಾಲೇಜಿನ ಟೀಚರಿಗೂ ಇರಲಿಲ್ಲ.

ಸೋಮವಾರ ಮತ್ತೆ ಮೊದಲಿನಿಂದ ನೋಡಿದೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ ಬಿಸಿ ಸರಿಯಿತ್ತು. ಒಂದು ನಿಮಿಷ ಪೂರ್ತಿ ಉಸಿರೆಣಿಸಿದೆ, ಸರಿಯಿತ್ತು. ಹೊಕ್ಕುಳು ಒಣಗಿತ್ತು, ಕಣ್ಣು ಹಳದಿಯಾಗಿರಲಿಲ್ಲ. ಹಿಂದಿನ ದಿನ ಒದ್ದೆಯಾದ ಬಟ್ಟೆ ಎಷ್ಟು ಎಂದರೆ ಎಂಟು. ಎಂಟು ಸಲ ಉಚ್ಚೆ ಹೊಯ್ಯುವ ಮಗುವಿಗೆ ಹಾಲು ಸಾಲುತ್ತಿದೆ ಎಂದೇ ಲೆಕ್ಕ. ಮೈಯ ಚರ್ಮ ಅಷ್ಟು ಸಣ್ಣ ಮಗುವಿಗೆ ಇರುವಂತೆ ಒಣಗಿ ಸಿಪ್ಪೆ ಏಳುವುದರ ಬದಲು ನುಣ್ಣಗೆ ಹೊಳೆಯುತ್ತಿತ್ತು. "ಚೆನ್ನಾಗಿ ನೋಡ್ಕೊಂಡೀರಿ ನಾನಿ" ಎಂದು ನಾನು ಹೊಗಳಿದ್ದೂ ನೆನಪಿದೆ. ನಾನಿ ನಕ್ಕಳು. ಆ ಮನೆಯಲ್ಲಿ ಆ ವಾರ ಬಾಯಿತುಂಬ ನಕ್ಕವಳು ಅವಳೊಬ್ಬಳೇ.

ಬಸ್ಸಿಗೆ ಕಾಯುತ್ತಾ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನು ಮಾಡಿದೆ. ಚಿಕ್ಕ ವಯಸ್ಸಿನವರು, ಒಳ್ಳೆಯವರು, ನನ್ನಷ್ಟೇ ದಣಿದವರು. "ಸಿಸ್ಟರ್, ಶನಿವಾರದವರೆಗೆ ನೋಡೋಣ. ಆಗ್ಲೂ ಏರಲಿಲ್ಲ ಅಂದ್ರೆ ವಾಪಸ್ ದಾವಣಗೆರೆಗೆ ಕಳ್ಸಿಬಿಡೋಣ. ಅಲ್ಲಿ ಪುಡಿ ಹಾಲು ಸೇರಿಸ್ತಾರೋ ಏನ್ ಮಾಡ್ತಾರೋ ಅವರು ನೋಡ್ಕೊಳ್ಳಲಿ. ರಿಸ್ಕ್ ಬೇಡ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಮಂಗಳವಾರ ಇದನ್ನು ತಾಯಿಗೆ ಹೇಳಿದೆ. ಅವಳು ಅಳಲಿಲ್ಲ. "ಅಲ್ಲಿ ಹೋದ್ರೆ ನನ್ನ ಹಾಲು ಬತ್ತೋಗ್ತೈತೆ ಸಿಸ್ಟರ್" ಎಂದಳಷ್ಟೆ. ಘಟಕದ ಹೊರಗಿನ ಕಾರಿಡಾರಿನಲ್ಲಿ ಹದಿನಾರು ದಿನ ಚಾಪೆಯ ಮೇಲೆ ಮಲಗಿದ್ದಳಂತೆ. ಭಯಕ್ಕೋ ನಿದ್ದೆಗೆಟ್ಟೋ ಕೊನೆಗೆ ನಾಲ್ಕು ಹನಿ ಬರುವುದೂ ಕಷ್ಟವಾಗಿತ್ತಂತೆ. ತವರಿಗೆ ಬಂದು ನಾನಿಯ ಕೈ ಊಟ ಉಂಡ ಮೇಲೆ ಹಾಲು ತಿರುಗಿ ಬಂದಿತ್ತು. ದಿನ ತುಂಬದೆ ಹುಟ್ಟಿದ ಮಗುವಿನ ತಾಯಿಯ ಹಾಲು ತುಂಬಿದ ತಿಂಗಳ ತಾಯಿಯ ಹಾಲಿಗಿಂತ ಬೇರೆ. ಅದರಲ್ಲಿ ಪ್ರೋಟೀನು ಜಾಸ್ತಿ, ಸೋಂಕು ತಡೆಯುವ ಅಂಶಗಳು ಜಾಸ್ತಿ. ಆ ಮಗುವಿನ ಕರುಳಿಗೆ ಏನು ಬೇಕೋ ಅದಕ್ಕೆ ತಕ್ಕಂತೆ ಅದು ತಯಾರಾಗಿರುತ್ತದೆ. ಅದು ಬತ್ತಿದರೆ ಡಬ್ಬಿ ಹಾಲು ಹೊಟ್ಟೆ ತುಂಬಿಸಬಹುದು, ಕಾಯುವ ಕೆಲಸ ಮಾಡುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೆ ತೂಕ ಯಾಕೆ ಏರುತ್ತಿಲ್ಲ ಎನ್ನುವುದು ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ತಾಯಿಯ ಅತ್ತೆ ಚನ್ನಗಿರಿಯಿಂದ ಬಂದಿದ್ದರು. ಒಂದು ಡಬ್ಬಿ ಹಾಲಿನ ಪುಡಿ ತಂದು ಗೂಡಿನಲ್ಲಿಟ್ಟಿದ್ದರು. ಪಕ್ಕದ ಮನೆಯ ಹೆಂಗಸರು ಮಗು ನೋಡಲು ಬಂದು ಕೂತಿದ್ದರು. ಅವರ ಮುಂದೆಯೇ ಅತ್ತೆ, ಮಗುವಿಗೆ ಕುಡಿಸಿ ಮಿಕ್ಕಿದ್ದನ್ನು ಮುಚ್ಚಿಟ್ಟಿದ್ದ ಲೋಟವನ್ನು ತೆಗೆದು ನನಗೆ ತೋರಿಸಿದರು.

"ನೋಡ್ರಿ ಸಿಸ್ಟರಮ್ಮ, ಇದು ಹಾಲಾ? ಇಷ್ಟ್ ತೆಳ್ಳಗೆ, ನೀಲಿ ನೀಲಿ. ನೀರ್ ಕುಡಿಸಿದ್ರೆ ಕೂಸು ಹೆಂಗ್ ಬೆಳೀತೈತೆ?"

ಲೋಟದೊಳಗೆ ನೋಡಿದೆ. ನಿಜಕ್ಕೂ ತೆಳ್ಳಗಿತ್ತು, ನೀಲಿ ಬಣ್ಣಕ್ಕೆ ತಿರುಗಿತ್ತು. ತಾಯಿಯ ಹಾಲು ನೋಡಲು ತೆಳ್ಳಗೇ ಇರುತ್ತದೆ, ಎಮ್ಮೆ ಹಾಲಿನ ಹಾಗಲ್ಲ, ಅದರಲ್ಲಿ ಎಲ್ಲ ಇರುತ್ತದೆ ಎಂದು ಎಷ್ಟೋ ವರ್ಷಗಳಿಂದ ಬಾಯಿಪಾಠವಾಗಿರುವ ಮಾತನ್ನು ಅವರಿಗೂ ಒಪ್ಪಿಸಿದೆ. ಪಾಠ ಒಪ್ಪಿಸುವವರು ಕಣ್ಣೆದುರಿನದನ್ನು ನೋಡುವುದಿಲ್ಲ. ತಾಯಿ ತಲೆ ತಗ್ಗಿಸಿ ಕುಳಿತಿದ್ದಳು.

ನನಗೆ ಹೊಳೆದದ್ದು ಇನ್ನೊಂದು. ಹಾಲು ಶುರುವಿನಲ್ಲಿ ತೆಳ್ಳಗೆ ಬರುತ್ತದೆ, ಅದು ನೀರಡಿಕೆಗೆ. ಎದೆ ಖಾಲಿಯಾಗುತ್ತಾ ಬಂದಂತೆ ಗಟ್ಟಿಯಾಗುತ್ತದೆ, ಕೊಬ್ಬು ಬರುವುದು ಆಗಲೇ. ಶಕ್ತಿಯ ಹೆಚ್ಚುಕಡಿಮೆ ಅರ್ಧ ಇರುವುದು ಆ ಕೊಬ್ಬಿನಲ್ಲಿ, ಮಿದುಳು ಬೆಳೆಯುವುದೂ ಅದರಿಂದ. ಇವಳು ಇಪ್ಪತ್ತೈದು ಎಂಎಲ್ ಆಯಿತೆಂದು ಅರ್ಧಕ್ಕೇ ನಿಲ್ಲಿಸುತ್ತಿರಬೇಕು, ಗಟ್ಟಿ ಹಾಲು ಎದೆಯಲ್ಲೇ ಉಳಿಯುತ್ತಿರಬೇಕು ಎಂದು ತೀರ್ಮಾನಿಸಿದೆ. "ಒಂದು ಕಡೆ ಪೂರ್ತಿ ಹಿಂಡು, ಕೊನೇ ಹನಿ ತನಕ. ಹೆಚ್ಚಾದ್ರೆ ಆಗಲಿ" ಎಂದೆ. ಎದುರಿಗೇ ಹಿಂಡಿಸಿದೆ. ಕೊನೆಯ ಹನಿಗಳು ದಪ್ಪಗೆ, ಕೆನೆಬಣ್ಣದಲ್ಲಿ ಬಿದ್ದವು. ಸಿಕ್ಕಿತು ಎಂದುಕೊಂಡೆ. ಅವತ್ತು ಬಸ್ಸಿನಲ್ಲಿ ಸೀಟು ಸಿಕ್ಕಿ ನಿದ್ದೆಯನ್ನೂ ಮಾಡಿದೆ.

ಬುಧವಾರ ಸಂಜೆ ಆಶಾ ಫೋನು ಮಾಡಿದಳು. ಸಾವಿರದ ಏಳುನೂರ ನಲವತ್ತೈದು. ಐದು ಗ್ರಾಂ ಇಳಿದಿತ್ತು.

ಐದು ಗ್ರಾಂ ಎಂದರೆ ಒಂದು ಒದ್ದೆ ಬಟ್ಟೆಯ ವ್ಯತ್ಯಾಸ. ಆದರೂ ಫೋನು ಇಟ್ಟ ಮೇಲೆ ನಾನು ಅಡುಗೆ ಮಾಡದೆ ಸುಮ್ಮನೆ ಕೂತುಬಿಟ್ಟೆ. ಹಿಂದೆ ನ್ಯಾಮತಿ ಕಡೆ ಇದ್ದಾಗ ಹೀಗೇ ಒಂದು ಮಗುವಿನ ತೂಕ ನಿಂತಿತ್ತು. ನಾನು "ತಾಯಿಯ ಹಾಲು ಸಾಲದು" ಎಂದು ಬರೆದು ಕೈತೊಳೆದುಕೊಂಡಿದ್ದೆ. ಆ ತಾಯಿ ಮತ್ತೆ ಎದೆಗೆ ಹಿಡಿಯಲೇ ಇಲ್ಲ. ಸಾಲದು ಎಂದು ಬರೆಯುವುದು ಬಹಳ ಸುಲಭ. ಬರೆದವರಿಗೆ ಅಲ್ಲಿಗೆ ಕೆಲಸ ಮುಗಿಯುತ್ತದೆ, ಅದನ್ನು ಕೇಳಿಸಿಕೊಂಡ ಹೆಂಗಸಿಗೆ ಮುಗಿಯುವುದಿಲ್ಲ.

ಗುರುವಾರ ಚನ್ನಗಿರಿಯಲ್ಲಿ ತಿಂಗಳ ಪರಿಶೀಲನಾ ಸಭೆ. ತಪ್ಪಿಸಿಕೊಳ್ಳುವ ಹಾಗಿಲ್ಲ. ಆ್ಯಪಿನಲ್ಲಿ ತುಂಬಬೇಕಾದ್ದು ಬಾಕಿ ಇದ್ದವರನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸುತ್ತಾರೆ. ನನ್ನದು ಬೇಕಾದಷ್ಟು ಬಾಕಿ ಇತ್ತು. ಬಸ್ ನಿಲ್ದಾಣದಲ್ಲಿ ಚನ್ನಗಿರಿ ಬಸ್ಸು ಬಂದು ನಿಂತಿತು. ಹತ್ತಲಿಲ್ಲ. ಮೇಲ್ವಿಚಾರಕಿಗೆ ಫೋನು ಮಾಡಿ, "ಮೇಡಂ, ನಾನು ಬರೋದಿಲ್ಲ, ಒಂದು ಮನೇಲಿ ಕೂರಬೇಕು" ಎಂದೆ. "ಕೂರಬೇಕು ಅಂದ್ರೇನ್ರೀ? ಮೆಮೋ ಬರುತ್ತೆ ನೋಡಿ" ಎಂದರು. ಬರಲಿ ಎಂದೆ. ಅಷ್ಟು ಧೈರ್ಯ ನನಗಿದೆ ಎಂದು ನನಗೇ ಗೊತ್ತಿರಲಿಲ್ಲ. ಬಹುಶಃ ಅದು ಧೈರ್ಯವಲ್ಲ, ಸುಸ್ತು.

ಒಂಬತ್ತೂವರೆಗೆ ಆ ಮನೆ ಸೇರಿದೆ. ಇಷ್ಟು ದಿನ ನಾನು ನೋಡಿದ್ದೆಲ್ಲ ನನಗೆ ತೋರಿಸಲೆಂದು ಮಾಡಿದ್ದು ಎನ್ನುವುದು ಹಿಂದಿನ ದಿನ ಕೂತಲ್ಲಿ ಹೊಳೆದಿತ್ತು. ನಾನು ಹೋದ ಕೂಡಲೇ ತಾಯಿ ಎದ್ದು ಕೈತೊಳೆದು ಹಿಂಡುತ್ತಿದ್ದಳು, ನಾನಿ ಆ ಬಿಸಿ ಹಾಲನ್ನೇ ಕುಡಿಸುತ್ತಿದ್ದಳು, ನಾನು ಭೇಷ್ ಎನ್ನುತ್ತಿದ್ದೆ. ನಾನಿಲ್ಲದಾಗ ಏನಾಗುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ.

"ಇವತ್ತು ಇಲ್ಲೇ ಕೂತು ರಿಜಿಸ್ಟರ್ ಬರೀತೀನಿ ನಾನಿ. ನಾನಿಲ್ಲ ಅಂದ್ಕೊಂಡು ನಿಮ್ಮ ಕೆಲಸ ಮಾಡ್ರಿ" ಎಂದೆ.

"ಇದ್ದೋರ್ನ ಇಲ್ಲ ಅಂತ ಹೆಂಗ್ ಅನ್ಕೊಳ್ಳೋದ್ರೀ? ಚಾ ಕುಡೀರಿ" ಎಂದಳು.

ಹತ್ತು ಗಂಟೆಯ ಹಾಲು ಎಂದಿನಂತೆ ನನಗಾಗಿ ತಾಜಾ ಹಿಂಡಿದ್ದೇ ಆಯಿತು. ತಾಯಿ ಪೂರ್ತಿ ಹಿಂಡಿದಳು. ಮಗು ಕುಡಿದು ಉಳಿದದ್ದನ್ನು ನಾನಿ ಸ್ಟೀಲ್ ಲೋಟದಲ್ಲಿ ಮುಚ್ಚಿ, ಲೋಟವನ್ನು ತಣ್ಣೀರಿನ ತಟ್ಟೆಯಲ್ಲಿಟ್ಟಳು. ಅದೂ ಸರಿಯೇ. ತಾಯಿ ಮಗುವನ್ನು ಎದೆಗವಚಿ ಕಟ್ಟಿಕೊಂಡು ಒರಗಿ ನಿದ್ದೆಹೋದಳು. ನಾನಿ ಹೊರಗೆ ಎಮ್ಮೆಗೆ ಹುಲ್ಲು ಹಾಕಿ ಬಂದು, ಅಕ್ಕಿ ಆರಿಸಿದಳು. ನಾನು ಗೋಡೆಗೊರಗಿ ರಿಜಿಸ್ಟರ್ ಬಿಚ್ಚಿಕೊಂಡು ಬರೆಯುವ ನಾಟಕ ಮಾಡುತ್ತಿದ್ದೆ. ಎರಡು ಸಲ ತೂಕಡಿಸಿದೆ.

ಹನ್ನೆರಡಕ್ಕೆ ನಾನಿ ಎದ್ದು ಮೊಣಕೈವರೆಗೆ ಸೋಪು ಹಾಕಿ ಕೈತೊಳೆದಳು. ಲೋಟದ ಮುಚ್ಚಳ ತೆಗೆದಳು. ಕುದಿಸಿಟ್ಟ ಚಮಚವೊಂದನ್ನು ತೆಗೆದುಕೊಂಡು ಲೋಟದ ಅಂಚಿನಿಂದ ಸುತ್ತ ಒಂದು ಸಲ ಆಡಿಸಿ, ಮೇಲಿನದನ್ನು ಎತ್ತಿ ಸಣ್ಣ ಬಟ್ಟಲಿಗೆ ಹಾಕಿದಳು. ಇನ್ನೊಂದು ಸಲ ಎತ್ತಿದಳು. ಒಂದು ಹನಿ ಚೆಲ್ಲಲಿಲ್ಲ. ನಲವತ್ತು ವರ್ಷದ ಕೈ ಅದು. ನಾನು ನೋಡಿ ಅರ್ಥವಾಗುವಷ್ಟರಲ್ಲಿ ಉಳಿದ ಹಾಲನ್ನು ಒಳಲೆಗೆ ಬಗ್ಗಿಸಿಯಾಗಿತ್ತು.

"ಅದೇನು ತೆಗೆದ್ರಿ ನಾನಿ?"

"ಕೆನೆರೀ."

"ಯಾಕೆ?"

ಇಂಥದ್ದೂ ಕೇಳುತ್ತಾರೆಯೇ ಎನ್ನುವ ಹಾಗೆ ನನ್ನನ್ನು ನೋಡಿದಳು. "ಅಂಗೈಯಷ್ಟು ಕೂಸು. ಕೆನೆ ಹೆಂಗ್ ಅರಗಿಸ್ಕೊಳ್ತೈತ್ರಿ? ಜ್ವರ ಬಂದೋರಿಗೆ, ಹೊಟ್ಟೆ ಕೆಟ್ಟೋರಿಗೆ ನಾವು ಕೆನೆ ತೆಗ್ದೇ ಅಲ್ವಾ ಹಾಲು ಕೊಡೋದು? ಹಿಂಡಿದ ಕೂಡ್ಲೇ ಕೊಟ್ರೆ ಮೇಲೆ ಬರಲ್ಲ. ಅದಕ್ಕೇ ಒಂದೆರಡು ತಾಸು ಇಟ್ಟೇ ಕೊಡ್ತೀನಿ. ನಿಮ್ಮ ಮುಂದೆ ಮಾತ್ರ ಇವಳು ಅವಸರ ಮಾಡ್ತಾಳೆ."

"ದಿನಾನೂ? ಪ್ರತೀ ಸಲಾನೂ?"

"ಹೂಂ. ಬಿಸಾಡಲ್ರೀ. ಎಣ್ಣೆ ಬ್ಯಾಡ ಅಂದ್ರಲ್ಲ ನೀವು, ಇದನ್ನೇ ಮೈಗೆ ಸವರ್ತೀನಿ. ನೋಡ್ರಿ ಹೆಂಗೈತೆ ಚರ್ಮ. ನೀವೇ ಅಂದ್ರಲ್ಲ, ಚೆನ್ನಾಗಿ ನೋಡ್ಕೊಂಡೀರಿ ಅಂತ."

ಸಿಟ್ಟು ಬಂತು ಎಂದು ಒಪ್ಪಿಕೊಳ್ಳಬೇಕು. ಕಿರುಚುವಷ್ಟು ಸಿಟ್ಟು. ಆದರೆ ಕಿರುಚಲು ಬಾಯಿ ತೆರೆದಾಗ ಯಾರ ಮೇಲೆ ಎಂದು ತಿಳಿಯಲಿಲ್ಲ. ನಾನು ಹೇಳಿದ ಒಂದನ್ನೂ ಅವಳು ಮೀರಿರಲಿಲ್ಲ. ಎಣ್ಣೆ ಬೇಡ ಎಂದಿದ್ದೆ, ಹಚ್ಚಿರಲಿಲ್ಲ. ಮುಚ್ಚಿಡಿ ಎಂದಿದ್ದೆ, ಮುಚ್ಚಿಟ್ಟಿದ್ದಳು. ಕೆನೆಯ ವಿಷಯ ನಾನು ಹೇಳಿರಲೇ ಇಲ್ಲ. ಮಗುವಿಗೆ ನೀರು, ಸಕ್ಕರೆ, ಪ್ರೋಟೀನು ಎಲ್ಲ ಸಿಗುತ್ತಿತ್ತು. ಅದಕ್ಕೇ ಎಂಟು ಸಲ ಉಚ್ಚೆ ಹೊಯ್ಯುತ್ತಾ ಚುರುಕಾಗಿ ಕಣ್ಣು ಬಿಡುತ್ತಿತ್ತು. ಮೈ ಕಟ್ಟುವ ಕೊಬ್ಬು ಮಾತ್ರ ಹೊಟ್ಟೆಯೊಳಗೆ ಹೋಗದೆ ಮೈಯ ಮೇಲೆ ಹೊಳೆಯುತ್ತಿತ್ತು.

ಬಟ್ಟಲನ್ನು ತೆಗೆದುಕೊಂಡು ಕೆನೆಯನ್ನು ಒಳಲೆಯ ಹಾಲಿಗೇ ಹಾಕಿ, ಮೆಲ್ಲಗೆ ಆಡಿಸಿ, ನಾನೇ ಕುಡಿಸಿದೆ. ಕುಡಿಸುತ್ತಲೇ ಹೇಳಿದೆ. ಎಮ್ಮೆಯ ಕೆನೆ ಬೇರೆ, ಇದು ಬೇರೆ. ಇದರ ಕೊಬ್ಬಿನ ಹನಿಗಳು ಮಗುವಿನ ಹೊಟ್ಟೆಗೆಂದೇ ಆದವು, ಅದನ್ನು ಅರಗಿಸುವ ರಸವೂ ಆ ಹಾಲಿನಲ್ಲೇ ಇದೆ. ಮಗುವಿಗೆ ಕಷ್ಟವಾಗುವುದಿಲ್ಲ. ಇದು ಹೋಗದಿದ್ದರೆ ತೂಕ ಏರುವುದಿಲ್ಲ.

ನಾನಿ ಎಲ್ಲ ಕೇಳಿಸಿಕೊಂಡಳು. "ಹಂಗಾದ್ರೆ ನಾನೇ..." ಎಂದಳು. ಎದ್ದಿದ್ದ ಮಗಳು ಅಮ್ಮನನ್ನೇ ನೋಡುತ್ತಿದ್ದಳು. ನಾನಿ ಚಮಚವನ್ನು ತಟ್ಟೆಯಲ್ಲಿಟ್ಟು ಕೊಟ್ಟಿಗೆಗೆ ಹೋದವಳು ನಾನು ಹೊರಡುವ ತನಕ ಒಳಗೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ನಾನೇ ತೂಗಿದೆ. ಸಾವಿರದ ಏಳುನೂರ ತೊಂಬತ್ತು. ಎರಡು ದಿನದೊಳಗೆ ನಲವತ್ತೈದು ಗ್ರಾಂ. ಆಶಾ ಅಂಕಿಯ ಫೋಟೋ ತೆಗೆದಳು. ಡಾಕ್ಟರು "ಆಯ್ತು ಸಿಸ್ಟರ್, ಕಳಿಸೋದು ಬೇಡ. ಮಂಗಳವಾರ ಮತ್ತೆ ತೂಗಿ ಹೇಳಿ" ಎಂದರು. ನನಗೆ ಖುಷಿಯಾಗಬೇಕಿತ್ತು. ಆದರೆ ತೂಗುವಾಗ ನಾನಿ ಕೋಣೆಯಲ್ಲಿರಲಿಲ್ಲ. ಗುರುವಾರ ಮಧ್ಯಾಹ್ನದಿಂದ ಅವಳು ಒಳಲೆ ಮುಟ್ಟಿಲ್ಲ, ಮಗುವನ್ನು ಎತ್ತಿಕೊಂಡಿಲ್ಲ ಎಂದು ಆಶಾ ಹೇಳಿದಳು. ಅಡುಗೆ ಮಾಡಿ ಮಗಳ ಮುಂದಿಟ್ಟು ಹೊರಗೆ ಹೋಗುತ್ತಾಳಂತೆ. ಹಿಂದಿನ ದಿನ ಚನ್ನಗಿರಿಯ ಬೀಗಿತ್ತಿ ಮತ್ತೆ ಬಂದು ವಿಷಯ ಕೇಳಿ, "ಹೆತ್ತ ಮಗಳ ಕೂಸಿನ ಬಾಯಿಂದ ಕೆನೆ ತೆಗ್ದಿದ್ದಾಳೆ" ಎಂದು ಅಂಗಳದಲ್ಲಿ ನಿಂತು ಹೇಳಿಹೋದರಂತೆ. ನಾನಿ ಎದ್ದು ಕೊಟ್ಟಿಗೆಗೆ ಹೋದಳಂತೆ. ನಾಲ್ಕು ದಿನಕ್ಕೆ ಸರಿಹೋಗುತ್ತಾಳೆ ಎಂದುಕೊಂಡು ನಾನು ಬಂದುಬಿಟ್ಟೆ.

ಸೋಮವಾರ ಮಧ್ಯಾಹ್ನ ಆಶಾಳ ಫೋನು ಬಂದಾಗ ಒಂದು ಲಸಿಕೆ ಕಾರ್ಯಕ್ರಮದಲ್ಲಿದ್ದೆ. ಮುಗಿಸಿ ಹೋಗುವಷ್ಟರಲ್ಲಿ ಮೂರು ಗಂಟೆ. ತಾಯಿ ಜ್ವರದಲ್ಲಿ ಸುಡುತ್ತಿದ್ದಳು. ಹಗಲೂ ರಾತ್ರಿ ಒಬ್ಬಳೇ ಹಿಂಡಿ, ಒಬ್ಬಳೇ ಕುಡಿಸಿ, ಲೋಟ ಕುದಿಸಿ, ಮಗುವನ್ನು ಎದೆಗೆ ಕಟ್ಟಿಕೊಂಡು ನಾಲ್ಕು ದಿನ ಕಳೆದಿದ್ದಳು. ಹಿಂದಿನ ರಾತ್ರಿ ನಿದ್ದೆಹೋಗಿ ಎರಡು ಹೊತ್ತಿನ ಹಾಲು ತಪ್ಪಿತ್ತು. ಎಡಗಡೆ ಎದೆ ಕಲ್ಲಿನಂತಾಗಿ ಕೆಂಪಗಿತ್ತು. ಮಗುವನ್ನು ತೂಗಿದೆ. ಶನಿವಾರಕ್ಕಿಂತ ಐದು ಗ್ರಾಂ ಮಾತ್ರ ಹೆಚ್ಚು. ಡಾಕ್ಟರಿಗೆ ಫೋನು ಮಾಡಿ ಅವರು ಹೇಳಿದ ಮಾತ್ರೆ ಕೊಟ್ಟೆ, ಬಿಸಿನೀರಿನ ಶಾಖ ಕೊಟ್ಟು ನಿಧಾನಕ್ಕೆ ಹಿಂಡಿಸಿದೆ. ಹಾಲು ಬಂತು. ಕುಡಿಸುವ ಕೈ ಬೇಕಿತ್ತು. ನಾನು ಇವತ್ತು ಇರುತ್ತೇನೆ, ನಾಳೆ ಇರುವುದಿಲ್ಲ. ಆಶಾಗೆ ಇನ್ನೂ ಹತ್ತು ಮನೆಗಳಿವೆ.

ಲೋಟ ಹಿಡಿದುಕೊಂಡು ಕೊಟ್ಟಿಗೆಗೆ ಹೋದೆ. ನಾನಿ ಎಮ್ಮೆಯ ಪಕ್ಕ ಕಲ್ಲಿನ ಮೇಲೆ ಕುಳಿತಿದ್ದಳು.

"ನಾನಿ, ನಿಮ್ಮ ಕೈ ಬೇಕು."

"ಈ ಕೈ ಬ್ಯಾಡ್ರಿ."

"ತಪ್ಪು ನಿಮ್ಮದಲ್ಲ. ನನ್ನದು."

"ನನ್ನ ಮನಸು ಹಗುರಾಗಲಿ ಅಂತೀರಿ. ದೊಡ್ಡ ಮನಸು ನಿಮ್ಮದು. ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದು ಎಮ್ಮೆಯ ಕಡೆ ತಿರುಗಿದಳು.

ದೊಡ್ಡ ಮನಸ್ಸು ಎಂದದ್ದು ನನಗೆ ಚುಚ್ಚಿತು. ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ಮುಖ ಬಿಸಿಯಾಯಿತು. ಅವಳ ಎದುರಿಗೆ ಹೋಗಿ, ಮೊಣಕಾಲು ನೋವಿದ್ದರೂ ನೆಲದ ಮೇಲೆಯೇ ಕುಳಿತೆ.

"ಹಗುರ ಮಾಡಾಕೆ ಹೇಳ್ತಿಲ್ಲ. ನಡೆದದ್ದು ಹೇಳ್ತೀನಿ, ಕೇಳ್ರಿ. ಇಟ್ಟ ಹಾಲಿನ ಮೇಲೆ ಕೆನೆ ಕಟ್ಟುತ್ತೆ, ಕುಡಿಸೋ ಮೊದಲು ಲೋಟ ಆಡಿಸಿ ಬೆರೆಸಬೇಕು ಅಂತ ನಮಗೆ ಟ್ರೈನಿಂಗಲ್ಲಿ ಹೇಳಿಕೊಟ್ಟಿದ್ರು. ನನಗೆ ಗೊತ್ತಿತ್ತು. ಮೊದಲೆಲ್ಲ ಎಲ್ಲರಿಗೂ ಹೇಳ್ತಿದ್ದೆ. ಅವತ್ತು ನಿಮಗೆ ಹೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಎದ್ದು ಹೋದೆ. ಎಣ್ಣೆ ಬೇಡ ಅಂದೋಳೂ ನಾನೇ. ಮೊನ್ನೆ ಲೋಟ ತೋರಿಸಿದಾಗ ಹಾಲು ಯಾಕಿಷ್ಟು ತೆಳ್ಳಗಿದೆ ಅಂತ ವಿಚಾರಿಸದೆ ಭಾಷಣ ಮಾಡಿದೋಳೂ ನಾನೇ."

ನಾನಿ ನಿಧಾನಕ್ಕೆ ನನ್ನ ಕಡೆ ತಿರುಗಿದಳು.

"ಬಸ್ಸಾ?"

"ಹೂಂ. ಬಸ್ಸು."

"ಲೋಟ ಒಂಚೂರು ಆಡಿಸ್ರಿ ಅನ್ನಾಕೆ ಎಷ್ಟೊತ್ತು ಬೇಕಾಗಿತ್ರಿ?"

"ಬೇಕಾಗಿರಲಿಲ್ಲ."

"ಒಂದು ಮಾತು. ನನ್ನ ಮಗಳ ಹಾಲನ್ನ ಆಯಮ್ಮ ನೀರು ಅಂದ್ಲು, ಓಣಿಯೋರ ಮುಂದೆ. ನನ್ನ ಮಗಳು ಕೇಳಿಸ್ಕೊಂಡು ಕೂತ್ಲು. ನಾನು ಈ ನಾಲ್ಕು ದಿನ ಅನ್ನ ಗಂಟಲಲ್ಲಿ ಇಳೀದೆ ಇಲ್ಲಿ ಕೂತೀನಿ, ಕೂಸಿನ ಬಾಯಿ ನಾನೇ ಕಟ್ಟಿದ್ನಲ್ಲಾ ಅಂತ. ನೀವು ಗೊತ್ತಿದ್ದೂ ಹೇಳ್ಲಿಲ್ಲ?"

ಅವಳ ದನಿ ಏರುತ್ತಿತ್ತು. ಇಲ್ಲ, ಹೇಳಲಿಲ್ಲ, ಎಂದೆ. ಅವಳು ಎದ್ದಳು. ನನ್ನ ಕೈಯಿಂದ ಲೋಟ ಕಸಿದುಕೊಂಡು ಒಳಗೆ ಹೋಗಿ, ಅದನ್ನು ಗೂಡಿನಲ್ಲಿಟ್ಟು ಕೈತೊಳೆದಳು. ಒಮ್ಮೆ ತೊಳೆದು ಸಾಲದೆಂದು ಇನ್ನೊಮ್ಮೆ ತೊಳೆದಳು. ತೊಳೆಯುತ್ತಲೇ ಬೈದಳು. ಮಗಳ ಎದೆಯಿಂದ ಮಗುವನ್ನು ಬಿಚ್ಚಿ ತೊಡೆಯ ಮೇಲೆ ಮಲಗಿಸಿಕೊಂಡಳು. ಲೋಟವನ್ನು ಮೂರು ಸಲ ಮೆಲ್ಲಗೆ ಆಡಿಸಿ, ಆಡಿಸಿದ್ದು ನನಗೆ ಕಾಣಿಸಿತೇ ಎಂದು ತಲೆಯೆತ್ತಿ ನೋಡಿ, ಒಳಲೆಗೆ ಬಗ್ಗಿಸಿದಳು. ಮಗು ಮೊದಲ ಹನಿ ನುಂಗಿತು. ಬೈಗುಳ ನಿಲ್ಲಲಿಲ್ಲ, ದನಿ ಮಾತ್ರ ಮಗು ಬೆಚ್ಚದಷ್ಟು ತಗ್ಗಿತು. ಓದಿದವರು, ಸರ್ಕಾರದವರು, ಚೀಲ ಹಾಕಿಕೊಂಡು ಓಡಾಡುವವರು, ಯಾರನ್ನೂ ಬಿಡಲಿಲ್ಲ. ನಾನು ಗೋಡೆಗೊರಗಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡೆ. ಮಲಗಿದ್ದ ಮಗಳು ಜ್ವರದ ಕಣ್ಣು ಬಿಟ್ಟು ಅಮ್ಮನನ್ನು ನೋಡಿ, ಗೋಡೆಯ ಕಡೆ ತಿರುಗಿ ನಿದ್ದೆಹೋದಳು. ಆ ಮಗು ಮೂರು ವಾರದಲ್ಲಿ ಎರಡೂಕಾಲು ಕೆಜಿ ದಾಟಿ, ಒಳಲೆ ಬಿಟ್ಟು ಎದೆಯಿಂದಲೇ ಕುಡಿಯಿತು. ಆದರೆ ಆ ಮಧ್ಯಾಹ್ನ ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಒಳಲೆ ಖಾಲಿಯಾಯಿತು. ನಾನಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರುತ್ತಾ, ಇನ್ನೊಂದು ಕೈಯಲ್ಲಿ ಒಳಲೆಯನ್ನೂ ಲೋಟವನ್ನೂ ನನ್ನ ಕಡೆ ಚಾಚಿದಳು.

"ಸುಮ್ನೆ ಕೂತೀರಲ್ಲ, ತೊಳ್ಕೊಂಬರ್ರಿ. ಹತ್ತು ನಿಮಿಷ ಕುದಿಸ್ಬೇಕು. ಬಸ್ಸಿಗೆ ಹೊತ್ತಾತು ಅಂತ ಐದಕ್ಕೇ ಇಳಿಸ್ಬ್ಯಾಡ್ರಿ."

ನಾನು ಎದ್ದು ಒಲೆಯ ಹತ್ತಿರ ಹೋದೆ.